ಭಾಷಾ ನೀತಿಯನ್ನು ಕಳ್ಳರೇ ಚೆನ್ನಾಗಿ ಓದಿಕೊಂಡಿದ್ದಾರೆ

2024ರ ನೀಟ್, ಅಂದರೆ ವೈದ್ಯಕೀಯ ಪ್ರವೇಶ ಪರೀಕ್ಷೆಯ ಹಗರಣ ಎಂದ ಕೂಡಲೇ ಪಟ್ನಾ ಮತ್ತು ಹಜಾರಿಬಾಗ್ ಹೆಸರು ಎಲ್ಲರಿಗೂ ನೆನಪಾಗುತ್ತದೆ. ಗುಜರಾತಿನ ಗೋಧ್ರಾ ಅಷ್ಟಾಗಿ ಯಾರಿಗೂ ನೆನಪಿಲ್ಲ. ಅಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯ ಮಾತಿರಲಿಲ್ಲ, ಹೂಡಿದ್ದ ಆಟವೇ ಬೇರೆ. ಗೊತ್ತಿರುವ ಪ್ರಶ್ನೆಗಳಿಗೆ ಉತ್ತರ ಗುರುತು ಮಾಡಿ, ಉಳಿದದ್ದನ್ನು ಖಾಲಿ ಬಿಟ್ಟು ಎದ್ದು ಬನ್ನಿ, ಆಮೇಲೆ ಉತ್ತರ ಗುರುತಿಸುವ ಹಾಳೆಯನ್ನು, ಅಂದರೆ ಓಎಂಆರ್ ಶೀಟನ್ನು, ನಾವು ತುಂಬಿಸುತ್ತೇವೆ. ಇದು ಒಪ್ಪಂದ. ತಲೆಗೆ 10 ಲಕ್ಷ ರೂಪಾಯಿ ಎಂದು ಪೊಲೀಸರು ಹೇಳಿದರು. ಜಿಲ್ಲಾಡಳಿತಕ್ಕೆ ಮೊದಲೇ ಸುಳಿವು ಸಿಕ್ಕಿತ್ತು. ಪರೀಕ್ಷೆಯ ದಿನವೇ ಅಧಿಕಾರಿಗಳು ಕೇಂದ್ರಕ್ಕೆ ಹೋದರು. ಕೇಂದ್ರದ ಹೊಣೆ ಹೊತ್ತಿದ್ದ ಒಬ್ಬ ಶಿಕ್ಷಕನ ಕಾರಿನಲ್ಲಿ 7 ಲಕ್ಷ ನಗದು ಸಿಕ್ಕಿತು.

ಇಷ್ಟೇ ಆಗಿದ್ದರೆ ಇದನ್ನು ನಮ್ಮ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ನೇಮಕಾತಿಯ ಪಿಎಸ್‌ಐ ಹಗರಣದ ತಮ್ಮ ಎಂದು ಬದಿಗಿಡಬಹುದಿತ್ತು. ಆದರೆ ಸಿಬಿಐ ಕೋರ್ಟಿಗೆ ಇನ್ನೊಂದು ಮಾತು ಹೇಳಿತು. ಹೊರರಾಜ್ಯದ ಅಭ್ಯರ್ಥಿಗಳಿಗೆ ಅರ್ಜಿ ತುಂಬುವಾಗಲೇ ಪಾಠ ಹೇಳಿಕೊಡಲಾಗಿತ್ತಂತೆ: ವಿಳಾಸ ಗುಜರಾತಿನದ್ದು ಕೊಡಿ, ಪರೀಕ್ಷೆಯ ಭಾಷೆ ಅಂತ ಕೇಳುವ ಜಾಗದಲ್ಲಿ ಗುಜರಾತಿ ಎಂದು ಆರಿಸಿ.

ಒಡಿಶಾದ ಹುಡುಗನಿಗೆ ಗುಜರಾತಿ ಯಾಕೆ? ನೀಟ್‌ನ ನಿಯಮ ನೋಡಿದರೆ ಅರ್ಥವಾಗುತ್ತದೆ. ಇಂಗ್ಲಿಷ್ ಪತ್ರಿಕೆ ದೇಶದ ಯಾವ ಕೇಂದ್ರದಲ್ಲಾದರೂ ಸಿಗುತ್ತದೆ. ಪ್ರಾದೇಶಿಕ ಭಾಷೆಯ ಪತ್ರಿಕೆ ಆಯಾ ರಾಜ್ಯದ ಕೇಂದ್ರಗಳಲ್ಲಿ ಮಾತ್ರ. ಕನ್ನಡ ಬೇಕು ಅಂದರೆ ಕರ್ನಾಟಕದಲ್ಲೇ ಬರೆಯಬೇಕು, ಗುಜರಾತಿ ಬೇಕು ಅಂದರೆ ಗುಜರಾತಿನಲ್ಲಿ. ಅಂದರೆ ಭಾಷೆಯ ಕಾಲಂನಲ್ಲಿ ಒಂದು ಟಿಕ್ ಹಾಕಿದರೆ ರಾಜ್ಯ ಗ್ಯಾರಂಟಿ. ಜೊತೆಗೆ ಪ್ರಾದೇಶಿಕ ಭಾಷೆ ಕೇಳಿದವರಿಗೆ ಸಿಗುವುದು ಇಂಗ್ಲಿಷೂ ಇರುವ ಎರಡು ಭಾಷೆಯ ಪುಸ್ತಿಕೆ. ಗುಜರಾತಿಯ ಒಂದಕ್ಷರ ಬರದಿದ್ದರೂ ನಷ್ಟವಿಲ್ಲ. ತುಂಬಿಸುವವನು ಸ್ಥಳೀಯ, ಅವನಿಗೆ ಗುಜರಾತಿ ಬರುತ್ತದೆ. ಎಲ್ಲ ಸಲೀಸು.

ಇದೇ ನಿಯಮದಿಂದಾಗಿ ಮುಂಬೈಯಲ್ಲೋ ಕಾಸರಗೋಡಿನಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ತನ್ನೂರಿನಲ್ಲಿ ನೀಟ್ ಅನ್ನು ಕನ್ನಡದಲ್ಲಿ ಬರೆಯಲು ಆಗುವುದಿಲ್ಲ. ನಿಯಮ ಯಾರಿಗೆ ಅನುಕೂಲವಾಗಬೇಕಿತ್ತೋ ಅವರಿಗೆ ಆಗಲಿಲ್ಲ. ಯಾರಿಗೆ ಆಗಬಾರದಿತ್ತೋ ಅವರು ಅದನ್ನು ಬಾಯಿಪಾಠ ಮಾಡಿಕೊಂಡರು.

ನಾವು ಪರೀಕ್ಷಾ ಅಕ್ರಮವನ್ನೂ ಭಾಷೆಯ ಅನ್ಯಾಯವನ್ನೂ ಎರಡು ಬೇರೆ ಫೈಲುಗಳಲ್ಲಿ ಇಟ್ಟಿದ್ದೇವೆ. ಬ್ಲೂಟೂತ್, ಸೋರಿಕೆ, ಡೀಲ್ ಇವೆಲ್ಲ ಪೊಲೀಸರ ಫೈಲು. ತಪ್ಪು ಅನುವಾದ, ಕನ್ನಡಕ್ಕೆ ಅವಕಾಶ ಇಲ್ಲ, ಇವು ಕನ್ನಡ ಸಂಘಟನೆಗಳ ಫೈಲು. ನನ್ನ ಪ್ರಕಾರ ಇವೆರಡೂ ಒಂದೇ ಜಾಗದಿಂದ ಹುಟ್ಟುತ್ತವೆ. ಪರೀಕ್ಷೆ ನಡೆಸುವ ಸಂಸ್ಥೆಯೊಳಗೆ ನಿಮ್ಮ ಭಾಷೆಯ ಪತ್ರಿಕೆಯನ್ನು ಕೂತು ಓದುವ, ಅದಕ್ಕೆ ಹೊಣೆಯಾಗುವ ಮನುಷ್ಯ ಒಬ್ಬನೂ ಇಲ್ಲದಿದ್ದಾಗ, ಆ ಖಾಲಿ ಜಾಗದಲ್ಲಿ ತಪ್ಪೂ ಬೆಳೆಯುತ್ತದೆ, ಕಳ್ಳತನವೂ ಬೆಳೆಯುತ್ತದೆ.

ಎಪ್ಪತ್ತೆರಡು ಸೆಕೆಂಡು

ಕರ್ನಾಟಕ ಲೋಕಸೇವಾ ಆಯೋಗದ, ಅಂದರೆ ಕೆಪಿಎಸ್‌ಸಿಯ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಪ್ರಿಲಿಮ್ಸ್ ನಡೆಯಿತು. ಅದೂ ಮಂಗಳವಾರ. ಕೆಲಸದ ದಿನ ಬೇಡ, ಮುಂದೂಡಿ ಎಂದು ಅಭ್ಯರ್ಥಿಗಳು ಬೇಡಿಕೊಂಡರೂ ಆಯೋಗ ಕೇಳಲಿಲ್ಲ. ಪತ್ರಿಕೆ ಕೈಗೆ ಬಂದಾಗ ಕನ್ನಡದ ಪ್ರಶ್ನೆಗಳು ಕನ್ನಡದವರಿಗೇ ಅರ್ಥವಾಗದ ಹಾಗಿದ್ದವು. ಕೆಲವು ಕಡೆ ಅರ್ಥವೇ ತಿರುಗಿ ಹೋಗಿತ್ತು. ಯಂತ್ರದ ಕೈಗೆ ಕೊಟ್ಟು ಮಾಡಿಸಿದ ಅನುವಾದ ಎಂದು ಅಭ್ಯರ್ಥಿಗಳು ದೂರಿದರು. ಗದ್ದಲ ಜೋರಾಯಿತು. ಸೆಪ್ಟೆಂಬರ್ ಮೊದಲ ವಾರದಲ್ಲೇ ಮುಖ್ಯಮಂತ್ರಿ ಸಿದ್ದರಾಮಯ್ಯ ಮರುಪರೀಕ್ಷೆ ನಡೆಸಲು ಹೇಳಿದರು. ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಆಯಿತು. ಅದರಲ್ಲೂ ಅನುವಾದದ ತಪ್ಪುಗಳು! ಒಂದೇ ಕಲ್ಲಿಗೆ ಎರಡು ಸಲ ಎಡವಿದ ಹಾಗೆ. ಮತ್ತೆ ಹೋರಾಟ, ಮತ್ತೆ ಕೋರ್ಟು ಕಚೇರಿ.

ಈ ತಪ್ಪು ಅಭ್ಯರ್ಥಿಗೆ ಹೇಗೆ ಹೊಡೆಯುತ್ತದೆ ಅನ್ನುವುದಕ್ಕೆ ದೊಡ್ಡ ಸಿದ್ಧಾಂತ ಬೇಡ, ಗಡಿಯಾರ ಸಾಕು. ಎರಡು ಗಂಟೆ, 100 ಪ್ರಶ್ನೆ. ಒಂದು ಪ್ರಶ್ನೆಗೆ 72 ಸೆಕೆಂಡು. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ವರ್ಷಗಟ್ಟಲೆ ಓದಿದ ಕನ್ನಡ ಮಾಧ್ಯಮದ ಹುಡುಗಿ ಒಬ್ಬಳು ಕೂತಿದ್ದಾಳೆ ಎಂದುಕೊಳ್ಳಿ. ಕನ್ನಡದ ಪ್ರಶ್ನೆ ಓದುತ್ತಾಳೆ. ನಾಲ್ಕು ಹೇಳಿಕೆ ಕೊಟ್ಟು ಯಾವುದು ಸರಿ ಎಂದು ಕೇಳಿದ್ದಾರೆ. ಎರಡನೇ ಹೇಳಿಕೆ ತಲೆಬುಡ ಹತ್ತುವುದಿಲ್ಲ. ಕಣ್ಣು ಇಂಗ್ಲಿಷಿನ ಕಡೆ ಹೋಗುತ್ತದೆ. ಅದನ್ನು ಓದಿ, ಅರ್ಥ ಮಾಡಿಕೊಂಡು, ಮತ್ತೆ ಕನ್ನಡದ ಜೊತೆ ತಾಳೆ ಹಾಕುವಷ್ಟರಲ್ಲಿ 72 ಸೆಕೆಂಡು ಮುಗಿದಿರುತ್ತದೆ. ಮುಂದಿನ ಪ್ರಶ್ನೆಗೆ ಬರುವಾಗ ಮೊದಲಿನ ನಂಬಿಕೆ ಇರುವುದಿಲ್ಲ. ಈ ಕನ್ನಡ ಸರಿ ಇದೆಯೋ ಇಲ್ಲವೋ ಎಂಬ ಅನುಮಾನ ಕೊನೆಯ ಪ್ರಶ್ನೆವರೆಗೂ ಬೆನ್ನು ಹತ್ತುತ್ತದೆ. ತಪ್ಪು ಉತ್ತರಕ್ಕೆ ಅಂಕ ಬೇರೆ ಕಳೆಯುತ್ತಾರೆ. ಅವಳ ಪಕ್ಕದಲ್ಲಿ ಕೂತ ಇಂಗ್ಲಿಷ್ ಮಾಧ್ಯಮದವನಿಗೆ ಇದ್ಯಾವುದೂ ಇಲ್ಲ. ಅವನು ಒಂದು ಪರೀಕ್ಷೆ ಬರೆಯುತ್ತಾನೆ, ಇವಳು ಎರಡು.

ಇದನ್ನು ಆಯೋಗಗಳು ಒಂದೇ ಸಾಲಿನಲ್ಲಿ ಬಗೆಹರಿಸಿಕೊಂಡಿವೆ. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ. ನೀಟ್‌ನಲ್ಲಿ ಈ ಸಾಲಿದೆ. ಕೆಪಿಎಸ್‌ಸಿ ಪತ್ರಿಕೆಗಳಲ್ಲೂ ಬಹುಕಾಲ ಕಂಡ ಸಾಲು. ನೋಡಲಿಕ್ಕೆ ಸಣ್ಣ ಸೂಚನೆ. ಆದರೆ ಅದರೊಳಗೆ ಒಂದು ಕೈತೊಳೆದುಕೊಳ್ಳುವ ಕೆಲಸ ನಡೆದಿದೆ. ಕನ್ನಡದ ಪ್ರಶ್ನೆ ತಪ್ಪಾದರೆ ಅದು ಯಾರ ತಪ್ಪೂ ಅಲ್ಲ, ನೀವು ಇಂಗ್ಲಿಷ್ ನೋಡಬೇಕಿತ್ತು. ಕನ್ನಡ ಇದೆ, ಆದರೆ ಲೆಕ್ಕಕ್ಕಿಲ್ಲ. ಲೆಕ್ಕಕ್ಕಿಲ್ಲದ್ದನ್ನು ಯಾರು ಎರಡನೇ ಸಲ ಓದುತ್ತಾರೆ ಹೇಳಿ?

ಇದು ಕನ್ನಡದ ಪಾಡು ಮಾತ್ರ ಎಂದುಕೊಳ್ಳಬೇಡಿ. ರಾಜಭಾಷೆಯ ಪಟ್ಟ ಹೊತ್ತ ಹಿಂದಿಯೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಯುಪಿಎಸ್‌ಸಿ 2011ರಲ್ಲಿ ಪ್ರಿಲಿಮ್ಸ್‌ಗೆ ಸಿಸ್ಯಾಟ್ ಎಂಬ ಸಾಮರ್ಥ್ಯ ಪರೀಕ್ಷೆಯ ಪತ್ರಿಕೆ ತಂದ ಮೇಲೆ ಹಿಂದಿಯಲ್ಲಿ ಬಂದ ಅನುವಾದಗಳು ಕೋಚಿಂಗ್ ಕೇಂದ್ರಗಳಿರುವ ದೆಹಲಿಯ ಮುಖರ್ಜಿ ನಗರದಲ್ಲಿ ನಗೆಪಾಟಲಾದವು. ಉಕ್ಕಿನ ಕಾರ್ಖಾನೆ ಹಿಂದಿಯಲ್ಲಿ ಕಬ್ಬಿಣದ ಗಿಡವಾಗಿತ್ತು ಎಂಬುದು ಆಗ ಎಲ್ಲರ ಬಾಯಲ್ಲಿ ಇದ್ದ ಉದಾಹರಣೆ. 2014ರ ಜುಲೈ, ಆಗಸ್ಟ್‌ನಲ್ಲಿ ಹುಡುಗರು ಬೀದಿಗಿಳಿದರು. ಇಂಗ್ಲಿಷ್ ಭಾಗದ ಅಂಕವನ್ನು ರ‍್ಯಾಂಕಿಗೆ ಲೆಕ್ಕ ಹಾಕುವುದಿಲ್ಲ ಎಂದು ಸರ್ಕಾರ ಒಪ್ಪಿತು. ಮರುವರ್ಷ ಇಡೀ ಪತ್ರಿಕೆಯನ್ನೇ ಶೇ 33 ತೆಗೆದರೆ ಸಾಕು ಎಂಬ ಅರ್ಹತಾ ಪತ್ರಿಕೆ ಮಾಡಿದರು. ಹಿಂದಿಯವರ ಸಂಖ್ಯೆ ದೊಡ್ಡದು, ದೆಹಲಿ ಹತ್ತಿರ. ಆದ್ದರಿಂದ ಅಷ್ಟಾದರೂ ಆಯಿತು. ನೀಟ್ ಅನ್ನು ಕನ್ನಡದಲ್ಲಿ ಬರೆಯುವವರು ತೀರಾ ಕಡಿಮೆ. ಅವರ ಪತ್ರಿಕೆಯಲ್ಲಿ ಹತ್ತು ತಪ್ಪಿದ್ದರೂ ಒಟ್ಟು ಫಲಿತಾಂಶದ ಅಂಕಿಅಂಶದಲ್ಲಿ ಅದು ಕಾಣುವುದೇ ಇಲ್ಲ.

ಗುಟ್ಟಿನ ನೆಪ

ಅನುವಾದ ಯಾಕೆ ಕೆಡುತ್ತದೆ? ಒಳ್ಳೆಯ ಅನುವಾದಕರು ಸಿಗುವುದಿಲ್ಲ ಎಂಬ ಉತ್ತರವನ್ನು ನಾನು ನಂಬುವುದಿಲ್ಲ. ಕರ್ನಾಟಕದಲ್ಲಿ ಎಷ್ಟು ವಿಶ್ವವಿದ್ಯಾಲಯಗಳಿವೆ, ಅವುಗಳಲ್ಲಿ ಎಷ್ಟು ಕನ್ನಡ ವಿಭಾಗಗಳಿವೆ. ಇತಿಹಾಸ, ಅರ್ಥಶಾಸ್ತ್ರ, ವಿಜ್ಞಾನವನ್ನು ಕನ್ನಡದಲ್ಲೇ ಪಾಠ ಮಾಡಿದ ಮೇಷ್ಟ್ರುಗಳು ಎಷ್ಟೊಂದು ಜನ. ಜನ ಇದ್ದಾರೆ. ಅವರ ಕೈಗೆ ಪತ್ರಿಕೆ ಕೊಡುವುದಿಲ್ಲ, ಅಷ್ಟೇ.

ಕಾರಣ ಗೋಪ್ಯತೆ. ಪ್ರತಿ ಭಾಷೆಗೂ ಒಬ್ಬ ಅನುವಾದಕ, ಒಬ್ಬ ಪರಿಶೀಲಕ, ಒಬ್ಬ ಕರಡು ತಿದ್ದುವವ ಅಂದರೆ ಪರೀಕ್ಷೆಗೆ ಮೊದಲೇ ಪತ್ರಿಕೆ ನೋಡಿದ ಕಣ್ಣುಗಳ ಸಂಖ್ಯೆ ಏರುತ್ತದೆ. ನೀಟ್ ಈಗ 13 ಭಾಷೆಗಳಲ್ಲಿದೆ. ಇಂಗ್ಲಿಷ್ ಬಿಟ್ಟು ಉಳಿದ 12 ಭಾಷೆಗೆ ಮೂವರಂತೆ ಹಿಡಿದರೂ 36 ಜನ. ಪರೀಕ್ಷಾ ಸಂಸ್ಥೆಗೆ ಇದು ಭಯದ ವಿಷಯ. ಹಾಗಾಗಿ ಕೊನೆಯ ಗಳಿಗೆಯಲ್ಲಿ, ಒಬ್ಬಿಬ್ಬರ ಕೈಯಲ್ಲಿ, ತರಾತುರಿಯಲ್ಲಿ ಅನುವಾದ ಮುಗಿಸುತ್ತಾರೆ ಎಂಬುದು ನನ್ನ ಅನುಮಾನ. ಇನ್ನೊಬ್ಬರು ಓದಿ ನೋಡುವ ಪದ್ಧತಿ ಹೆಸರಿಗೆ ಮಾತ್ರ ಇರಬೇಕು.

ಈ ಭಯ ಎಲ್ಲಿಯವರೆಗೆ ಹೋಗಿತ್ತು ಅನ್ನುವುದಕ್ಕೆ 2017ರ ನೀಟ್ ನೋಡಿ. ಆಗ ಪರೀಕ್ಷೆ ನಡೆಸುತ್ತಿದ್ದದ್ದು ಸಿಬಿಎಸ್‌ಇ. ಆ ವರ್ಷ ಹತ್ತು ಭಾಷೆಗಳಲ್ಲಿ ಪರೀಕ್ಷೆ ಇತ್ತು. ಪ್ರಾದೇಶಿಕ ಭಾಷೆಯವರಿಗೆ ಇಂಗ್ಲಿಷ್ ಪತ್ರಿಕೆಯ ಅನುವಾದ ಕೊಡದೆ ಬೇರೆಯೇ ಪ್ರಶ್ನೆಗಳನ್ನು ಕೊಟ್ಟರು! ಒಂದೇ ರ‍್ಯಾಂಕ್ ಪಟ್ಟಿ, ಪ್ರಶ್ನೆ ಬೇರೆ ಬೇರೆ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ ಸಿಬಿಎಸ್‌ಇ ಕೊಟ್ಟ ಸಮಜಾಯಿಷಿ ಕುತೂಹಲದ್ದು. ಪ್ರಾದೇಶಿಕ ಭಾಷೆಯ ಪತ್ರಿಕೆ ಸೋರಿಕೆಯಾದರೂ ಇಂಗ್ಲಿಷ್, ಹಿಂದಿ ಪರೀಕ್ಷೆ ರದ್ದು ಮಾಡಬೇಕಾಗಿ ಬರುವುದಿಲ್ಲ ಎಂಬ ಲೆಕ್ಕಾಚಾರ. ಈ ವಾದವನ್ನು ಇನ್ನೊಮ್ಮೆ ಓದಿ. ಪ್ರಾದೇಶಿಕ ಭಾಷೆಯವರನ್ನು ಸೋರುವ ಕಡೆ ಎಂದು ಮೊದಲೇ ಗುರುತಿಸಿಟ್ಟುಕೊಂಡ ಹಾಗಿದೆ ಅಲ್ವಾ? ಕೋರ್ಟು ಇದನ್ನು ಒಪ್ಪಲಿಲ್ಲ. ಮುಂದಿನ ವರ್ಷದಿಂದ ಎಲ್ಲ ಭಾಷೆಗೂ ಒಂದೇ ಪತ್ರಿಕೆ ಬಂತು.

ಒಂದೇ ಪತ್ರಿಕೆ ಬಂದ ಮೊದಲ ವರ್ಷವೇ, ಅಂದರೆ 2018ರಲ್ಲಿ, ತಮಿಳು ಅನುವಾದ ಕೈಕೊಟ್ಟಿತು. 180 ಪ್ರಶ್ನೆಗಳಲ್ಲಿ 49ರಲ್ಲಿ ತಪ್ಪಿದೆ ಎಂಬುದು ದೂರು. ಮದ್ರಾಸ್ ಹೈಕೋರ್ಟಿನ ಮದುರೈ ಪೀಠ, ಪ್ರಶ್ನೆಗೆ ನಾಲ್ಕರಂತೆ 196 ಕೃಪಾಂಕ ಕೊಡಿ ಎಂದು ಜುಲೈನಲ್ಲಿ ಆದೇಶ ಮಾಡಿತು. 720ಕ್ಕೆ 196 ಅಂದರೆ ಕಾಲುಭಾಗಕ್ಕಿಂತ ಜಾಸ್ತಿ. ಸುಪ್ರೀಂ ಕೋರ್ಟು ಅದನ್ನು ತಡೆಹಿಡಿದು, ನವೆಂಬರ್‌ನಲ್ಲಿ ರದ್ದು ಮಾಡಿತು. ಎಲ್ಲರಿಗೂ ಸಾರಾಸಗಟಾಗಿ 196 ಕೊಡುವುದು ಉಳಿದವರಿಗೆ ಅನ್ಯಾಯ ಎಂಬುದು ಸರಿಯೇ. ಆದರೆ ತಪ್ಪು ಪ್ರಶ್ನೆ ಬರೆದವರ ಗತಿ? ಅದಕ್ಕೆ ಉತ್ತರ ಹಳೆಯ ಸಾಲೇ. ಇಂಗ್ಲಿಷ್ ಅಂತಿಮ.

ಇಷ್ಟೆಲ್ಲ ಗುಟ್ಟು ಕಾಪಾಡಿ ಪತ್ರಿಕೆ ಉಳಿಯಿತೇ ಅಂದರೆ ಅದೂ ಇಲ್ಲ. ಹಜಾರಿಬಾಗ್‌ನಲ್ಲಿ ಪತ್ರಿಕೆ ಹೊರಬಿದ್ದದ್ದು ಪರೀಕ್ಷಾ ಕೇಂದ್ರವಾಗಿದ್ದ ಶಾಲೆಯಲ್ಲೇ ಇಟ್ಟಿದ್ದ ಟ್ರಂಕಿನಿಂದ. 2024ರ ಫೆಬ್ರವರಿಯ ಉತ್ತರ ಪ್ರದೇಶ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯ ಪತ್ರಿಕೆ ಹೋದದ್ದು ಗೋದಾಮಿನಿಂದ. ನಮ್ಮ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರ್ 3ರಂದು ನಡೆಯಿತು. ಅಲ್ಲಿ ಹಲವರ ವಿಷಯದಲ್ಲಿ ಪತ್ರಿಕೆ ಸೋರುವ ಅಗತ್ಯವೇ ಬೀಳಲಿಲ್ಲ. ಪರೀಕ್ಷೆ ಮುಗಿದ ಮೇಲೆ ಓಎಂಆರ್ ತುಂಬಿದರು, ಎಡಿಜಿಪಿ ದರ್ಜೆಯ ಅಧಿಕಾರಿಯೇ ಬಂಧನವಾದರು. ತಮಿಳುನಾಡಿನ ಗ್ರೂಪ್ 4 ಪರೀಕ್ಷೆಯಲ್ಲಿ, 2019ರಲ್ಲಿ, ಸ್ವಲ್ಪ ಹೊತ್ತಿನ ಮೇಲೆ ಅಳಿಸಿ ಹೋಗುವ ಶಾಯಿಯ ಪೆನ್ನು ಕೊಟ್ಟಿದ್ದರು. ರಾಮೇಶ್ವರ ಮತ್ತು ಕೀಳಕ್ಕರೈ ಎಂಬ ಎರಡೇ ಕೇಂದ್ರಗಳಿಂದ ರ‍್ಯಾಂಕುಗಳ ಸುರಿಮಳೆ ಆದಾಗ ಜನರಿಗೆ ಅನುಮಾನ ಬಂತು. 99 ಅಭ್ಯರ್ಥಿಗಳನ್ನು ಆಜೀವ ಹೊರಗಿಟ್ಟರು. ಇಲ್ಲಿ ಹೇಳಿದ ಯಾವುದರಲ್ಲೂ ಅನುವಾದಕನ ಕೈವಾಡ ಇಲ್ಲ. ಮುದ್ರಣ, ಸಾಗಾಟ, ಸ್ಟ್ರಾಂಗ್ ರೂಂ, ಕೇಂದ್ರ, ಓಎಂಆರ್ ಕೊಠಡಿ, ತೂತು ಇರುವುದು ಇಲ್ಲಿ. ಗುಟ್ಟಿನ ಬೆಲೆ ತೆತ್ತದ್ದು ಮಾತ್ರ ಕನ್ನಡ, ತಮಿಳು, ಬಂಗಾಳಿಯಲ್ಲಿ ಬರೆಯುವವರು.

ಭಾಷೆಯ ಅಸಡ್ಡೆಯೇ ಪತ್ರಿಕೆಯನ್ನು ಹೊರಗೆ ಕಳಿಸಿದ್ದೂ ಇದೆ. ಅದೇ ನೀಟ್ ನಡೆದ 2024ರ ಮೇ 5. ರಾಜಸ್ಥಾನದ ಸವಾಯಿ ಮಾಧೋಪುರದ ಒಂದು ಕೇಂದ್ರದಲ್ಲಿ ಹಿಂದಿ ಕೇಳಿದ್ದವರಿಗೆ ಇಂಗ್ಲಿಷ್ ಪತ್ರಿಕೆ ಹಂಚಿದರು. ತಪ್ಪು ಸರಿಪಡಿಸುವ ಮೊದಲೇ ಮಕ್ಕಳು ಗಲಾಟೆ ಮಾಡಿಕೊಂಡು ಪತ್ರಿಕೆ ಹಿಡಿದೇ ಹೊರಬಂದರು. ಪರೀಕ್ಷೆ ಇನ್ನೂ ನಡೆಯುತ್ತಿರುವಾಗಲೇ ಅದು ಇಂಟರ್‌ನೆಟ್‌ಗೆ ಬಂತು. ಸುಮಾರು 120 ಮಕ್ಕಳಿಗೆ ಬೇರೆಯಾಗಿ ಪರೀಕ್ಷೆ ಮಾಡಿದ್ದಾಗಿ ನೀಟ್ ನಡೆಸುವ ಕೇಂದ್ರದ ಸಂಸ್ಥೆ ಎನ್‌ಟಿಎ ಹೇಳಿತು.

ಭಾಷಾ ಪತ್ರಿಕೆಯೂ ಮಾರಾಟದ ಸರಕು

ಇಲ್ಲಿ ನಾವು, ಅಂದರೆ ಕನ್ನಡದ ಪರವಾಗಿ ಮಾತಾಡುವವರು, ಕಿವಿಗೆ ಹಿತವಲ್ಲದ ಒಂದು ಮಾತನ್ನು ಕೇಳಿಸಿಕೊಳ್ಳಬೇಕು. ಸ್ಥಳೀಯ ಭಾಷೆ ಕಡ್ಡಾಯ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬುದು ನಮ್ಮ ನಂಬಿಕೆ. ಕಡ್ಡಾಯ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹಳ್ಳಿಯ ಅಂಚೆಯವನಿಗೆ, ಗ್ರಾಮ ಆಡಳಿತಾಧಿಕಾರಿಗೆ, ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಜನರ ಮಾತು ಬರಬೇಕು. ಆದರೆ ಪರೀಕ್ಷೆಯೇ ಪ್ರಾಮಾಣಿಕವಾಗಿಲ್ಲದಿದ್ದರೆ ಭಾಷಾ ಪತ್ರಿಕೆ ಇನ್ನೊಂದು ಮಾರಾಟದ ಸರಕು ಆಗುತ್ತದೆ, ಅಷ್ಟೇ.

ತಮಿಳುನಾಡಿನ ಅಂಚೆ ಇಲಾಖೆಯ ಕಥೆ ಇದಕ್ಕೆ ಸಾಕ್ಷಿ. 2016ರ ಕೊನೆಯಲ್ಲಿ ಪೋಸ್ಟ್‌ಮ್ಯಾನ್ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅದರಲ್ಲಿ 25 ಅಂಕಗಳ ತಮಿಳು ಭಾಗ ಇತ್ತು. ಫಲಿತಾಂಶ ಬಂದಾಗ ಹರಿಯಾಣದ ಕೆಲವರು ಆ ಭಾಗದಲ್ಲಿ ತಮಿಳರನ್ನೂ ಮೀರಿಸಿ ಅಂಕ ತೆಗೆದಿದ್ದರು. ತಮಿಳು ಮಾತಾಡಲು ಬಾರದವರು ತಮಿಳಿನಲ್ಲಿ ಮೊದಲಿಗರು. ದೊಡ್ಡ ಗದ್ದಲವೇ ಆಯಿತು.

ನಮ್ಮಲ್ಲಿ ಕೊಪ್ಪಳದ ಪ್ರಕರಣ ಇನ್ನೂ ಸ್ವಾರಸ್ಯದ್ದು. ಅಲ್ಲಿನ ಕೋರ್ಟಿನಲ್ಲಿ ಕಸ ಗುಡಿಸುತ್ತಿದ್ದ ಯುವಕನೊಬ್ಬನಿಗೆ 2024ರಲ್ಲಿ ಜವಾನನ ಹುದ್ದೆ ಸಿಕ್ಕಿತು. ಆಯ್ಕೆ ಎಸ್ಸೆಸ್ಸೆಲ್ಸಿ ಅಂಕದ ಮೇಲೆ. ಅಂಕಪಟ್ಟಿಯಲ್ಲಿ 625ಕ್ಕೆ 623. ಶೇ 99ಕ್ಕಿಂತ ಜಾಸ್ತಿ! ಕೋರ್ಟಿನ ನ್ಯಾಯಾಧೀಶರು ಅವನನ್ನು ದಿನಾ ನೋಡಿದವರು. ಇವನಿಗೆ ಕನ್ನಡ ಓದಲೂ ಬರೆಯಲೂ ಬರುವುದಿಲ್ಲವಲ್ಲ ಎಂದು ಅವರಿಗೆ ಅನುಮಾನ ಬಂದು, ತನಿಖೆ ಮಾಡಿ ಎಂದು ಪೊಲೀಸರಿಗೆ ಹೇಳಿದರು.

ಪೊಲೀಸ್ ತಂತ್ರಜ್ಞಾನ, ಸಿಸಿಟಿವಿ, ಬಯೋಮೆಟ್ರಿಕ್ ಯಾವುದೂ ಇಲ್ಲಿ ಕೆಲಸ ಮಾಡಲಿಲ್ಲ. ಆ ಭಾಷೆ ಬಲ್ಲ ಒಬ್ಬರು, ಎದುರಿಗಿದ್ದವನನ್ನು ಸುಮ್ನೆ ಗಮನಿಸಿದರು. ತಮಿಳುನಾಡಿನಲ್ಲೂ ಅನುಮಾನ ಎದ್ದದ್ದು ಅಂಕ ನೋಡಿದ ಅಲ್ಲಿಯ ಅಭ್ಯರ್ಥಿಗಳಿಗೆ. ಸುಳ್ಳು ಅಂಕವನ್ನು ಹಿಡಿದುಕೊಡುವುದರಲ್ಲಿ ಭಾಷೆಯಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ಹತ್ತು ನಿಮಿಷ ಮಾತಾಡಿಸಿ, ಒಂದು ಅರ್ಜಿ ಓದಿಸಿ. ಆದರೆ ಈ ಹತ್ತು ನಿಮಿಷ ನೇಮಕಾತಿಯ ಪದ್ಧತಿಯಲ್ಲೇ ಇಲ್ಲ. ಅಂಕಪಟ್ಟಿ ಅಪ್‌ಲೋಡ್ ಮಾಡಿದರೆ ಮುಗಿಯಿತು. ಸಂದರ್ಶನ ಅಂದರೆ ಮತ್ತೆ ದುಡ್ಡಿನ ಬಾಗಿಲು ತೆರೆಯುತ್ತದೆ ಎಂಬ ಅಂಜಿಕೆ ನ್ಯಾಯವಾದದ್ದೇ. ಕೆಪಿಎಸ್‌ಸಿಯ 2011ನೇ ಸಾಲಿನ 362 ಹುದ್ದೆಗಳ ಕಥೆ ಯಾರು ಮರೆತಾರು? ಸಂದರ್ಶನದ ಅಂಕಕ್ಕೆ ದುಡ್ಡು ಪಡೆದ ಆರೋಪ, ಸಿಐಡಿ ತನಿಖೆ, 2014ರಲ್ಲಿ ಪಟ್ಟಿ ರದ್ದು, ಕೊನೆಗೆ 2022ರಲ್ಲಿ ಕಾಯ್ದೆಯನ್ನೇ ಮಾಡಿ ಅದೇ ಆಯ್ಕೆಯನ್ನು ಊರ್ಜಿತಗೊಳಿಸಿದರು. ಹಾಗಾಗಿ ನಾನು ಕೇಳುತ್ತಿರುವುದು ಅಂಕ ಕೊಡುವ ಸಂದರ್ಶನವನ್ನಲ್ಲ. ಪಾಸು ಅಥವಾ ಫೇಲು, ವಿಡಿಯೊ ದಾಖಲೆ ಇರುವ ಓದು ಬರಹದ ಪರೀಕ್ಷೆ, ಕೆಲಸಕ್ಕೆ ಸೇರುವ ಮೊದಲು. ಇದಕ್ಕೆ ಖರ್ಚೂ ಕಡಿಮೆ.

ಭಾಷೆಗೆ ಅವಕಾಶ ಸಿಕ್ಕಿದ ಇತಿಹಾಸವನ್ನು ನೋಡಿದರೂ ಒಂದು ವಿಷಯ ಎದ್ದು ಕಾಣುತ್ತದೆ. ಸಂಸತ್ತು ಒಪ್ಪಿ 1968ರ ಜನವರಿಯಲ್ಲಿ ಪ್ರಕಟವಾದ ನಿರ್ಣಯದಲ್ಲೇ ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಲ್ಲಿ ಕೇಂದ್ರದ ಪರೀಕ್ಷೆ ಬರೆಯಲು ಅವಕಾಶ ಕೊಡುವ ಮಾತಿದೆ. ಕೊಠಾರಿ ಸಮಿತಿಯ ನಂತರ, 1979ರಿಂದ, ಯುಪಿಎಸ್‌ಸಿ ಮೇನ್ಸ್ ಅನ್ನು ಕನ್ನಡದಲ್ಲಿ ಬರೆಯಬಹುದಾಯಿತು. ಪ್ರಿಲಿಮ್ಸ್ ಪತ್ರಿಕೆ ಮಾತ್ರ ಹಿಂದಿ, ಇಂಗ್ಲಿಷಿನಲ್ಲೇ ಉಳಿಯಿತು. ಅಂದರೆ ಮಹಡಿಗೆ ಹೋಗಲು ನಿಮ್ಮ ಭಾಷೆ ನಡೆಯುತ್ತದೆ, ಬಾಗಿಲು ದಾಟಲು ನಡೆಯುವುದಿಲ್ಲ. 2019ರಲ್ಲಿ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಗೆ, 2024ರಲ್ಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಗೆ ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳು ಬಂದವು. ಪ್ರತಿ ಸಲವೂ ಕಾದಾಟ ನಡೆದದ್ದು ಅವಕಾಶ ಕೊಡಿ ಎಂದು. ಕೊಟ್ಟ ಅವಕಾಶದ ಗುಣಮಟ್ಟಕ್ಕೆ ಯಾರು ಹೊಣೆ ಎಂದು ಯಾರೂ ಬರೆಸಿಕೊಳ್ಳಲಿಲ್ಲ. ಪಟ್ಟಿಯಲ್ಲಿ ಕನ್ನಡದ ಹೆಸರು ಕಂಡ ಕೂಡಲೇ ಗೆದ್ದೆವು ಅಂದುಕೊಂಡೆವು.

ಕಾನೂನಿನಲ್ಲಿ ಇಲ್ಲದ ಅಪರಾಧ

2024ರ ಜೂನ್‌ನಲ್ಲಿ ಜಾರಿಗೆ ಬಂದ, ಪರೀಕ್ಷಾ ಅಕ್ರಮ ತಡೆಯುವ ಕೇಂದ್ರದ ಕಾಯ್ದೆ ಕಠಿಣವಾಗಿದೆ. ಅಕ್ರಮಕ್ಕೆ 3ರಿಂದ 5 ವರ್ಷ ಜೈಲು, ಸಂಘಟಿತ ಅಪರಾಧವಾದರೆ 10 ವರ್ಷದವರೆಗೆ, ಕನಿಷ್ಠ ಒಂದು ಕೋಟಿ ದಂಡ. ಕರ್ನಾಟಕವೂ 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ತನ್ನದೇ ಮಸೂದೆ ಪಾಸು ಮಾಡಿತು, 10 ಕೋಟಿವರೆಗೆ ದಂಡದ ಮಾತು ಅದರಲ್ಲಿದೆ. ಸೋರಿಕೆ, ಓಎಂಆರ್ ತಿದ್ದುವುದು, ನಕಲಿ ವೆಬ್‌ಸೈಟ್ ಎಲ್ಲವೂ ಕೇಂದ್ರದ ಪಟ್ಟಿಯಲ್ಲಿವೆ. ತಪ್ಪು ಪ್ರಶ್ನೆ ಕೊಟ್ಟು ಸಾವಿರಾರು ಜನರ ಅಂಕ ಕಳೆದವನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅದು ಅಪರಾಧ ಆಗಬೇಕು ಎಂದು ನಾನು ಹೇಳುತ್ತಿಲ್ಲ, ಅನುವಾದಕನನ್ನು ಜೈಲಿಗೆ ಹಾಕುವುದು ಹುಚ್ಚುತನ. ಆದರೆ ಅದು ಯಾರ ಕರ್ತವ್ಯಲೋಪವೂ ಅಲ್ಲ ಎಂಬ ಸ್ಥಿತಿ ಇದೆಯಲ್ಲ, ಅದು ಬದಲಾಗಬೇಕು. ಕೆಪಿಎಸ್‌ಸಿಯ ಆಗಸ್ಟ್‌ನ ಪತ್ರಿಕೆಗೆ ಒಬ್ಬ ಅಧಿಕಾರಿ ಬರವಣಿಗೆಯಲ್ಲಿ ಉತ್ತರ ಕೊಡಬೇಕಾಗಿ ಬಂದಿದ್ದರೆ ಡಿಸೆಂಬರ್‌ನ ಪತ್ರಿಕೆಯನ್ನು ಅವನೇ ಕೂತು ಮೂರು ಸಲ ಓದಿಸುತ್ತಿದ್ದ.

ನೀಟ್ ಹಗರಣದ ಮೇಲೆ ಕೇಂದ್ರ ಸರ್ಕಾರ ಇಸ್ರೊ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. 101 ಶಿಫಾರಸುಗಳು ಬಂದವು. ಪತ್ರಿಕೆಯನ್ನು ಡಿಜಿಟಲ್ ಆಗಿ ಕೇಂದ್ರಕ್ಕೆ ಕಳಿಸುವ, ಹೊರಗುತ್ತಿಗೆ ಕಡಿಮೆ ಮಾಡುವ ಸಲಹೆಗಳು ಒಳ್ಳೆಯವು. ಟ್ರಂಕು, ಲಾರಿ, ಗೋದಾಮು ತಪ್ಪಿದರೆ ಅರ್ಧ ತೂತು ಮುಚ್ಚಿದಂತೆ. ಆಗ ಅನುವಾದಕ್ಕೆ ಇನ್ನಷ್ಟು ಸಮಯವೂ ಸಿಗುತ್ತದೆ, ಯಾಕೆಂದರೆ ವಾರಗಟ್ಟಲೆ ಮೊದಲೇ ಮುದ್ರಣಕ್ಕೆ ಕೊಡಬೇಕಾದ ಅವಸರ ಇರುವುದಿಲ್ಲ.

ಗುಟ್ಟಿನ ಪ್ರಶ್ನೆಗೂ ದಾರಿಯಿದೆ. ಕೇಂದ್ರ ಬಜೆಟ್‌ಗೆ ಮೊದಲು ದೆಹಲಿಯ ನಾರ್ತ್ ಬ್ಲಾಕಿನಲ್ಲಿ ಹಲ್ವಾ ಮಾಡಿ ಹಂಚಿ, ಆ ಕೆಲಸದ ಸಿಬ್ಬಂದಿಯನ್ನು ಬಜೆಟ್ ಮಂಡನೆ ಆಗುವವರೆಗೆ ಒಳಗೇ ಉಳಿಸಿಕೊಳ್ಳುವ ಪದ್ಧತಿ ಹಳೆಯದು. ಅಷ್ಟು ಜನರನ್ನು ಒಳಗಿಟ್ಟು ದೇಶದ ಬಜೆಟ್ ಕಾಪಾಡಬಹುದಾದರೆ, ಮೂರು ಜನ ಕನ್ನಡ ಮೇಷ್ಟ್ರುಗಳನ್ನು ನಾಲ್ಕು ದಿನ ಒಳಗೆ ಕೂರಿಸಿ, ಊಟ ಹಾಕಿ, ಮರ್ಯಾದೆಯ ಸಂಭಾವನೆ ಕೊಟ್ಟು ಕೆಪಿಎಸ್‌ಸಿ ಪತ್ರಿಕೆ ಓದಿಸಲು ಆಗುವುದಿಲ್ಲವೇ? ಇನ್ನೂ ಮೂಲದ ಪ್ರಶ್ನೆ ಒಂದಿದೆ. ಕರ್ನಾಟಕದ ಆಡಳಿತಕ್ಕೆ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಹುಟ್ಟಿಸಿ ಕನ್ನಡಕ್ಕೆ ಇಳಿಸುವುದೇಕೆ? ಅರ್ಧ ಪ್ರಶ್ನೆಗಳನ್ನು ಕನ್ನಡದಲ್ಲೇ ತಯಾರಿಸಿ, ಇಂಗ್ಲಿಷಿಗೆ ಅನುವಾದ ಮಾಡಿ. ಅವುಗಳಿಗೆ ಕನ್ನಡವೇ ಅಂತಿಮ ಎಂದು ಬರೆಯಿರಿ. ಆಗ ನೋಡಿ, ಅನುವಾದದ ಗುಣಮಟ್ಟದ ಬಗ್ಗೆ ಎಲ್ಲರಿಗೂ ಎಂಥ ಕಾಳಜಿ ಹುಟ್ಟುತ್ತದೆ.

ಭಾಷೆಯ ಆಯ್ಕೆಯ ಮಾಹಿತಿಯನ್ನು ಅಕ್ರಮ ಹಿಡಿಯಲೂ ಬಳಸಬಹುದು. ಹತ್ತನೇ ತರಗತಿ ಭುವನೇಶ್ವರದಲ್ಲಿ, ಪರೀಕ್ಷಾ ಭಾಷೆ ಗುಜರಾತಿ, ಕೇಂದ್ರ ಗೋಧ್ರಾ. ಈ ಮೂರು ಕಾಲಂ ಪಕ್ಕಪಕ್ಕ ಇಟ್ಟರೆ ಕಂಪ್ಯೂಟರ್ ತಾನೇ ಕೆಂಪು ಗುರುತು ಹಾಕುತ್ತದೆ. ಅಪ್ಪನ ವರ್ಗಾವಣೆಯಿಂದ ಒಂದಿಬ್ಬರು ಹಾಗೆ ಇರಬಹುದು, ಅವರನ್ನು ಕೇಳಿದರೆ ಹೇಳುತ್ತಾರೆ. ಒಂದೇ ಕೇಂದ್ರಕ್ಕೆ ಅಂಥವರು ಗುಂಪಾಗಿ ಬಂದರೆ ಪರೀಕ್ಷೆಗೆ ಒಂದು ತಿಂಗಳು ಮೊದಲೇ ಗೊತ್ತಾಗುತ್ತಿತ್ತು. ಗೋಧ್ರಾದಲ್ಲಿ ಮಾತ್ರ ಸುಳಿವು ಸಿಕ್ಕಿದ್ದು ಯಾರೋ ಬಾಯಿಬಿಟ್ಟದ್ದರಿಂದ.

ಆಮೇಲೆ ಆಕ್ಷೇಪಣೆಯ ವಿಷಯ. ಕೀ ಆನ್ಸರ್ ಬಿಟ್ಟ ಮೇಲೆ ತಪ್ಪಿದೆ ಎಂದು ಎನ್‌ಟಿಎಗೆ ಹೇಳಬೇಕಾದರೆ ಅಭ್ಯರ್ಥಿ ಪ್ರಶ್ನೆಗೆ 200 ರೂಪಾಯಿ ಕಟ್ಟಬೇಕು. ವಾಪಸ್ ಕೊಡದ ಶುಲ್ಕ ಎಂದು ಅವರೇ ಬರೆದಿರುತ್ತಾರೆ. ಐದು ಪ್ರಶ್ನೆ ಅಂದರೆ ಸಾವಿರ ರೂಪಾಯಿ, ಸಂಸ್ಥೆಯ ತಪ್ಪನ್ನು ಸಂಸ್ಥೆಗೇ ತೋರಿಸಿಕೊಡಲು. ಅದೂ ಉತ್ತರ ತಪ್ಪು ಎಂದು ಹೇಳಲು ಮಾತ್ರ. ಅನುವಾದ ತಪ್ಪು ಎಂದರೆ ಇಂಗ್ಲಿಷ್ ಅಂತಿಮ ಎಂಬ ಆ ಸಾಲು ಇದ್ದೇ ಇದೆ. ಮುಂದಿನ ಅಧಿಸೂಚನೆ ಬರುವ ಮೊದಲು ಮಾಡಬಹುದಾದ ಸಣ್ಣ ಕೆಲಸ ಇದು: ಆಕ್ಷೇಪಣೆಯ ಅರ್ಜಿಯಲ್ಲಿ ಅನುವಾದಕ್ಕೆ ಒಂದು ಕಾಲಂ ಹಾಕಿ, ಶುಲ್ಕ ತೆಗೆಯಿರಿ. ಬಂದ ಆಕ್ಷೇಪಣೆ, ಅದಕ್ಕೆ ಕೊಟ್ಟ ಉತ್ತರ, ಪತ್ರಿಕೆಗೆ ಸಹಿ ಹಾಕಿದ ಅಧಿಕಾರಿಯ ಹೆಸರು ಎಲ್ಲವನ್ನೂ ಫಲಿತಾಂಶದ ಜೊತೆಗೇ ವೆಬ್‌ಸೈಟಿಗೆ ಹಾಕಿ.